ಮೊದಲ ಬಾಡಿಗೆಗೆ ಮುಂಚಿನ ವೆಚ್ಚ: ಅಮೆರಿಕದ ವರಮಾನ ತೆರಿಗೆಯ ಇತಿಹಾಸದಲ್ಲಿ ಒಂದು ಪ್ರಶ್ನೆ

ಬಾಡಿಗೆಯ ವರಮಾನವನ್ನು ಬಯಸಿ ಒಬ್ಬನು ಮೊದಲ ಬಾರಿಗೆ ಮನೆಯೊಂದನ್ನು ಕೊಳ್ಳಲು ಹೊರಡುತ್ತಾನೆಂದು ಇಟ್ಟುಕೊಳ್ಳೋಣ. ಮನೆ ಸಿಕ್ಕುವುದಕ್ಕೆ ಮೊದಲೇ ಅವನ ಕೈಯ ಹಣ ಕರಗಲು ತೊಡಗುತ್ತದೆ. ನಾಲ್ಕಾರು ಊರುಗಳನ್ನು ಸುತ್ತಿ ಬರಬೇಕು. ಯಾವ ಬೀದಿಯಲ್ಲಿ ಎಷ್ಟು ಬಾಡಿಗೆ ನಡೆಯುತ್ತದೆಂಬುದನ್ನು ವಿಚಾರಿಸಬೇಕು. ಕಟ್ಟಡದ ಗಟ್ಟಿತನವನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ವಕೀಲರಿಗೂ ಲೆಕ್ಕಿಗರಿಗೂ ಶುಲ್ಕ ಕೊಡಬೇಕು. ಮನೆ ಕೈಸೇರಿದ ಮೇಲೆಯೂ ಬಾಡಿಗೆದಾರನು ಬರುವವರೆಗೆ ಜಾಹೀರಾತು, ವಿಮೆ, ದೀಪ, ನೀರು, ಕಾವಲು ಇವುಗಳ ಖರ್ಚು ನಿಲ್ಲುವುದಿಲ್ಲ. ಮುಂದೆ ಬಾಡಿಗೆ ಬಂದಾಗ ಸರ್ಕಾರವು ಅದರಲ್ಲಿ ತನ್ನ ಪಾಲನ್ನು ಕೇಳುತ್ತದೆ. ಹಾಗೆ ಕೇಳುವಾಗ, ಆ ಬಾಡಿಗೆಯನ್ನು ಪಡೆಯುವುದಕ್ಕಾಗಿಯೇ ಮೊದಲು ಸುರಿದ ಹಣವನ್ನು ಲೆಕ್ಕಕ್ಕೆ ಹಿಡಿಯುವುದೇ, ಬಿಡುವುದೇ? ಹಿಡಿಯುವುದಾದರೆ ಒಂದೇ ವರ್ಷದಲ್ಲೋ, ಹಲವು ವರ್ಷಗಳ ಕಂತುಗಳಲ್ಲೋ?

ಪ್ರಶ್ನೆಯು ಮೇಲುನೋಟಕ್ಕೆ ಲೆಕ್ಕಿಗರ ಕೊಠಡಿಗೆ ಸೇರಿದುದು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆ ಉತ್ತರ ಹುಡುಕುತ್ತ ನ್ಯಾಯಾಲಯಗಳೂ ಶಾಸನಸಭೆಯೂ ನೂರು ವರ್ಷಗಳಿಗೂ ಮಿಕ್ಕಿ ತೊಳಲಾಡಿವೆ. ವ್ಯಾಪಾರವೆಂಬುದು ಯಾವ ಗಳಿಗೆಯಲ್ಲಿ ಆರಂಭವಾಗುತ್ತದೆ, ಮನೆಯನ್ನು ಬಾಡಿಗೆಗೆ ಕೊಡುವವನು ವ್ಯಾಪಾರಿಯೋ ಬರಿಯ ಆಸ್ತಿವಂತನೋ ಎಂಬ ಎರಡು ಹಿರಿಯ ಪ್ರಶ್ನೆಗಳು ಇದರ ಒಡಲಲ್ಲಿ ಅಡಗಿರುವುದೇ ಇದಕ್ಕೆ ಕಾರಣ. ಪ್ರಕೃತ ಲೇಖನದಲ್ಲಿ ಈ ತೊಳಲಾಟದ ಮುಖ್ಯ ಘಟ್ಟಗಳನ್ನು ಪರಿಶೀಲಿಸಲಾಗಿದೆ. ಈ ಇತಿಹಾಸದುದ್ದಕ್ಕೂ ಕಾನೂನು ಒಳಗಿದ್ದವನಿಗೆ ಒಂದು ನ್ಯಾಯವನ್ನೂ ಹೊಸದಾಗಿ ಬರುವವನಿಗೆ ಮತ್ತೊಂದು ನ್ಯಾಯವನ್ನೂ ಮಾಡಿತೆಂಬುದು, ತಾರತಮ್ಯವನ್ನು ಅಳಿಸಲೆಂದು ತಂದ ಶಾಸನವು ಅದನ್ನು ಅರ್ಧಮಾತ್ರ ಅಳಿಸಿತೆಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ವರಮಾನ ತೆರಿಗೆಗೂ ಬಾಡಿಗೆಗೂ ಹಳೆಯ ವೈರ ಉಂಟು. ಅಂತರ್ಯುದ್ಧದ ಕಾಲದಲ್ಲಿ ವಿಧಿಸಿದ ತೆರಿಗೆಯು 1872ರಲ್ಲಿ ರದ್ದಾಯಿತು. ಬಳಿಕ 1894ರಲ್ಲಿ ಕಾಂಗ್ರೆಸ್ಸು 4,000 ಡಾಲರಿಗೆ ಮೇಲ್ಪಟ್ಟ ವರಮಾನದ ಮೇಲೆ ನೂರಕ್ಕೆ 2ರಂತೆ ಹೊಸ ತೆರಿಗೆಯನ್ನು ಹಾಕಿತು. ಮರುವರ್ಷವೇ, 1895ರಲ್ಲಿ, ಪೊಲಾಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಭೂಮಿಯ ಬಾಡಿಗೆಯ ಮೇಲಣ ತೆರಿಗೆಯು ಭೂಮಿಯ ಮೇಲಣ ತೆರಿಗೆಯೇ. ಅದು ನೇರ ತೆರಿಗೆ. ನೇರ ತೆರಿಗೆಯನ್ನು ರಾಜ್ಯಾಂಗದ ಪ್ರಕಾರ ಜನಸಂಖ್ಯೆಗೆ ತಕ್ಕಂತೆ ಸಂಸ್ಥಾನಗಳಿಗೆ ಹಂಚದೆ ವಿಧಿಸಲಾಗದು: ಇದು ಆ ತೀರ್ಪಿನ ತಿರುಳು. ಎಂದರೆ ಇಡೀ ವರಮಾನ ತೆರಿಗೆಯು ಎಡವಿದ ಮೊದಲ ಕಲ್ಲು ಬಾಡಿಗೆಯೇ. ಆ ಕಲ್ಲನ್ನು ದಾರಿಯಿಂದ ಸರಿಸಲು ರಾಜ್ಯಾಂಗವನ್ನೇ ತಿದ್ದಬೇಕಾಯಿತು. ವರಮಾನವು ಯಾವ ಮೂಲದಿಂದ ಬಂದರೂ ಹಂಚಿಕೆಯ ಗೊಡವೆಯಿಲ್ಲದೆ ತೆರಿಗೆ ವಿಧಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟ 16ನೆಯ ತಿದ್ದುಪಡಿ 1913ರ ಫೆಬ್ರುವರಿಯಲ್ಲಿ ಅಂಗೀಕೃತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ತೆರಿಗೆಯ ಶಾಸನವೂ ಬಂದಿತು. ಅಂದಿನಿಂದ ಬಾಡಿಗೆಯು ನಿರ್ವಿವಾದವಾಗಿ ತೆರಿಗೆಗೆ ಒಳಗಾದ ವರಮಾನ. ವಿವಾದ ಉಳಿದುದು ವೆಚ್ಚದ ಕಡೆಗೆ.

ವೆಚ್ಚದ ವಿಷಯದಲ್ಲಿ ಶಾಸನವು ಆಡಿದ ಮಾತು ಚಿಕ್ಕದು. ವ್ಯಾಪಾರವನ್ನು ನಡೆಸುವುದರಲ್ಲಿ ತಗಲಿದ ಸಾಮಾನ್ಯವೂ ಅವಶ್ಯವೂ ಆದ ಖರ್ಚುಗಳನ್ನು ವರಮಾನದಿಂದ ವಜಾ ಮಾಡಬಹುದೆಂದು 1918ರ ಶಾಸನದಲ್ಲಿ ನೆಲೆಗೊಂಡ ಪದಪುಂಜ ಇಂದಿಗೂ ಹಾಗೆಯೇ ಉಳಿದಿದೆ. 'ಸಾಮಾನ್ಯ' ಎಂದರೇನು ಎಂಬುದರ ಮೇಲೆ 1933ರ ವೆಲ್ಚ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕಾರ್ಡೋಜೋ ಬರೆದ ತೀರ್ಪು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ನಮ್ಮ ವಿಷಯಕ್ಕೆ ಆ ಪದಕ್ಕಿಂತಲೂ ಮುಖ್ಯವಾದುದು, ಯಾರ ಕಣ್ಣಿಗೂ ಅಷ್ಟಾಗಿ ಬೀಳದ 'ನಡೆಸುವುದರಲ್ಲಿ' ಎಂಬ ಪದ. ನಡೆಯುತ್ತಿರುವುದನ್ನು ಮಾತ್ರ ನಡೆಸಬಹುದು. ಇನ್ನೂ ಆರಂಭವಾಗದ ವ್ಯಾಪಾರವನ್ನು ನಡೆಸುವುದೆಂತು? ಮುಂದಿನ ಜಗಳವೆಲ್ಲ ಈ ಒಂದು ಕ್ರಿಯಾಪದದಿಂದ ಹುಟ್ಟಿತು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ತೆರಿಗೆಯ ಲೆಕ್ಕದಲ್ಲಿ ಖರ್ಚೊಂದು ಮೂರು ಗತಿಗಳನ್ನು ಕಾಣಬಹುದು. ಚಾಲ್ತಿ ವೆಚ್ಚವಾದರೆ ಅದೇ ವರ್ಷ ಪೂರ್ಣವಾಗಿ ವಜಾ ಆಗುತ್ತದೆ. ಬಂಡವಾಳ ವೆಚ್ಚವಾದರೆ ಸ್ವತ್ತಿನ ಅಸಲಿಗೆ ಸೇರಿ, ಕಟ್ಟಡದ ವಿಷಯದಲ್ಲಿ ಸವಕಳಿಯ ಮೂಲಕ ವರ್ಷವರ್ಷವೂ ತುಸುತುಸುವಾಗಿ ಮರಳುತ್ತದೆ. ನೆಲದ ಬೆಲೆಗೆ ಸೇರಿದ ಪಾಲು ಮಾತ್ರ ಮಾರಾಟದ ದಿನದವರೆಗೆ ಮರಳುವುದಿಲ್ಲ. ಮೂರನೆಯದು, ಎರಡೂ ಆಗದೆ ಹೋಗುವುದು. ಸ್ವತ್ತಿಗೂ ಅಂಟದ, ವ್ಯಾಪಾರಕ್ಕೂ ಸೇರದ ಖರ್ಚು ಇಲ್ಲೂ ಸಲ್ಲದೆ ಅಲ್ಲೂ ಸಲ್ಲದೆ ಲೆಕ್ಕದಿಂದಲೇ ಜಾರಿಹೋಗುತ್ತದೆ. ಹೊಸಬನು ಅಂಜಬೇಕಾದುದು ಈ ಮೂರನೆಯ ಗತಿಗೆ. ಕೊಂಡ ಮನೆಯ ಕ್ರಯಪತ್ರದ ಖರ್ಚು ಮನೆಯ ಅಸಲಿಗೆ ಸೇರಿ ಹೇಗೋ ಉಳಿಯುತ್ತದೆ. ನೋಡಿ ಬಿಟ್ಟ ಹತ್ತು ಮನೆಗಳ ಸಲುವಾಗಿ ಮಾಡಿದ ಪ್ರಯಾಣದ ಖರ್ಚಿಗೆ ಅಂಟಿಕೊಳ್ಳಲು ಆಸ್ತಿಯೇ ಇಲ್ಲ.

ಬಾಡಿಗೆಗೆ ಕೊಡುವುದು ವ್ಯಾಪಾರವೇ ಎಂಬ ಪ್ರಶ್ನೆ ಪ್ರಸಂಗವಶಾತ್ ಸುಪ್ರೀಂ ಕೋರ್ಟಿನ ಮುಂದೆ ಬಂದುದು 1941ರ ಹಿಗಿನ್ಸ್ ಮೊಕದ್ದಮೆಯಲ್ಲಿ. ಹಿಗಿನ್ಸ್ ದೊಡ್ಡ ಐಶ್ವರ್ಯವಂತ, ವಾಸ ಪ್ಯಾರಿಸ್ಸಿನಲ್ಲಿ. ನ್ಯೂಯಾರ್ಕಿನಲ್ಲಿ ಕಚೇರಿಯಿಟ್ಟು ಗುಮಾಸ್ತರ ಮೂಲಕ ತನ್ನ ಷೇರು, ಸಾಲಪತ್ರ ಮತ್ತು ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದನು. ಕಚೇರಿಯ ಬಾಡಿಗೆ, ಗುಮಾಸ್ತರ ಸಂಬಳ ಮೊದಲಾದುವನ್ನು ವ್ಯಾಪಾರದ ವೆಚ್ಚವೆಂದು ವಜಾ ಮಾಡಬೇಕೆಂದು ಕೇಳಿದನು. ಷೇರು ಮತ್ತು ಸಾಲಪತ್ರಗಳ ಮಟ್ಟಿಗೆ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಎಷ್ಟೇ ದೊಡ್ಡ ಮೊತ್ತವಾಗಿದ್ದರೂ, ಎಷ್ಟೇ ಎಡೆಬಿಡದೆ ಗಮನ ಕೊಟ್ಟರೂ, ಬಡ್ಡಿಯನ್ನೂ ಲಾಭಾಂಶವನ್ನೂ ಬರಮಾಡಿಕೊಂಡು ಹೂಡಿಕೆಯ ದಾಖಲೆಯನ್ನಿಡುವುದು ವ್ಯಾಪಾರವಲ್ಲ ಎಂದಿತು. ಆದರೆ ಕಟ್ಟಡಗಳನ್ನು ಬಾಡಿಗೆಗೆ ಕೊಡುವ ಭಾಗವು ವ್ಯಾಪಾರವೇ ಎಂದು ಸರ್ಕಾರವು ತಾನಾಗಿಯೇ ಒಪ್ಪಿಕೊಂಡಿತ್ತು. ಆ ಪಾಲಿನ ವೆಚ್ಚವನ್ನು ತೆರಿಗೆ ಮೇಲ್ಮನವಿ ಮಂಡಲಿಯು ವಿಂಗಡಿಸಿ ವಜಾ ಮಾಡಿತ್ತು. ಇದು ಗಮನಾರ್ಹ. ಒಬ್ಬನೇ ಮನುಷ್ಯ, ಒಂದೇ ಕಚೇರಿ, ಅವೇ ಗುಮಾಸ್ತರು. ಷೇರಿನ ಕಡತವನ್ನು ಬಿಚ್ಚಿದಾಗ ಅವನು ಹಣ ಹೂಡಿದವನು, ಕಟ್ಟಡದ ಕಡತವನ್ನು ಬಿಚ್ಚಿದಾಗ ವ್ಯಾಪಾರಿ.

ಹಿಗಿನ್ಸ್ ತೀರ್ಪಿನ ಕಾಠಿಣ್ಯವನ್ನು ಕಾಂಗ್ರೆಸ್ಸು ಸಹಿಸಲಿಲ್ಲ. 1942ರ ಶಾಸನವು ವ್ಯಾಪಾರವಲ್ಲದಿದ್ದರೂ ವರಮಾನದ ಉತ್ಪಾದನೆಗಾಗಿ, ಇಲ್ಲವೆ ವರಮಾನಕ್ಕಾಗಿ ಇಟ್ಟುಕೊಂಡ ಸ್ವತ್ತಿನ ನಿರ್ವಹಣೆ ಮತ್ತು ರಕ್ಷಣೆಗಾಗಿ ಮಾಡಿದ ಸಾಮಾನ್ಯ ವೆಚ್ಚಗಳನ್ನೂ ವಜಾ ಮಾಡಬಹುದೆಂದಿತು. 1954ರ ಸಂಹಿತೆಯಲ್ಲಿ ಇದೇ 212ನೆಯ ಕಲಮಾಯಿತು. ವ್ಯಾಪಾರದ ವೆಚ್ಚಕ್ಕೆ ಸಂಬಂಧಿಸಿದುದು 162ನೆಯ ಕಲಮು. ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಡಬೇಕು. ಮನೆ ಬಾಡಿಗೆಗೆ ಕೊಡುವವನು ಈ ಎರಡರ ನಡುವೆ ಓಲಾಡಿದುದೇ ಮುಂದಿನ ಕಥೆ.

ಓಲಾಟಕ್ಕೆ ಎರಡು ನಿದರ್ಶನಗಳನ್ನು ನೋಡೋಣ. 1946ರ ಹಜಾರ್ಡ್ ಮೊಕದ್ದಮೆಯಲ್ಲಿ ವಕೀಲರೊಬ್ಬರು ಕ್ಯಾನ್ಸಸ್ ಸಿಟಿಯಿಂದ ಪಿಟ್ಸ್‌ಬರ್ಗಿಗೆ ವಾಸವನ್ನು ಬದಲಾಯಿಸಿ, ಬಿಟ್ಟುಬಂದ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಕೆಲವು ಕಾಲದ ಮೇಲೆ ನಷ್ಟಕ್ಕೆ ಮಾರಿದರು. ಬಾಡಿಗೆಗೆ ಕೊಟ್ಟದ್ದು ಒಂದೇ ಮನೆಯಾದರೂ ಅದು ವ್ಯಾಪಾರವೇ ಎಂದು ತೆರಿಗೆ ನ್ಯಾಯಾಲಯವು ನಿರ್ಣಯಿಸಿತು. ಒಂಬತ್ತು ವರ್ಷಗಳ ಬಳಿಕ, 1955ರಲ್ಲಿ, ಗ್ರೀರ್ ಮೊಕದ್ದಮೆಯಲ್ಲಿ ಎರಡನೆಯ ವಲಯದ ಮೇಲ್ಮನವಿ ನ್ಯಾಯಾಲಯವು ತದ್ವಿರುದ್ಧವಾದ ಕೆಳಗಿನ ನ್ಯಾಯಾಲಯದ ಅಭಿಪ್ರಾಯವನ್ನು ಎತ್ತಿಹಿಡಿಯಿತು. ಅಲ್ಲಿಯೂ ಇದ್ದುದು ಒಂದೇ ಮನೆ, ಪಿತ್ರಾರ್ಜಿತವಾಗಿ ಬಂದುದು, ಬಾಡಿಗೆದಾರನೂ ಬಹುಕಾಲದಿಂದ ಒಬ್ಬನೇ. ಮಾಲೀಕನು ಮಾಡಬೇಕಾದ ಕೆಲಸ ಅತ್ಯಲ್ಪವಾದುದರಿಂದ ಅದು ವ್ಯಾಪಾರವಲ್ಲ, ಹೂಡಿಕೆ ಎಂದಾಯಿತು. ಹಾಗಾದರೆ ಎಷ್ಟು ದುಡಿದರೆ ವ್ಯಾಪಾರ? ಇದಕ್ಕೆ ಯಾವ ನ್ಯಾಯಾಲಯವೂ ಅಂಕಿಯಲ್ಲಿ ಉತ್ತರ ಹೇಳಲಿಲ್ಲ.

ಇದು ಬಾಡಿಗೆ ಬರುತ್ತಿರುವವನ ಪಾಡು. ಇನ್ನೂ ಬಾಡಿಗೆ ಕಾಣದವನ ಪಾಡು ಇದಕ್ಕಿಂತ ಕಷ್ಟದ್ದು. ಅದನ್ನು ನಿರ್ಧರಿಸಿದ ಎರಡು ಮೊಕದ್ದಮೆಗಳು ಮನೆಗಳಿಗೆ ಸಂಬಂಧಿಸಿದುವಲ್ಲ; ಒಂದು ವೃತ್ತಪತ್ರಿಕೆಯದು, ಇನ್ನೊಂದು ದೂರದರ್ಶನ ಕೇಂದ್ರದ್ದು. ಆದರೂ ಅವುಗಳ ನ್ಯಾಯವೇ ಮನೆಗಳಿಗೂ ಹರಿದುಬಂದಿತು. 1953ರ ಫ್ರ್ಯಾಂಕ್ ಮೊಕದ್ದಮೆಯಲ್ಲಿ, ಎರಡನೆಯ ಮಹಾಯುದ್ಧ ಮುಗಿದು ನೌಕಾಪಡೆಯಿಂದ ಬಿಡುಗಡೆ ಹೊಂದಿದವನೊಬ್ಬನು ಪತ್ರಿಕೆಯೊಂದನ್ನು ಕೊಳ್ಳಬೇಕೆಂದು ಪತ್ನಿಯೊಡನೆ ಹಲವು ಸಂಸ್ಥಾನಗಳನ್ನು ಸುತ್ತಿದನು; ಕಡೆಗೆ ಒಹಾಯೋ ಸಂಸ್ಥಾನದ ಕ್ಯಾಂಟನ್ನಿನಲ್ಲಿ ಒಂದನ್ನು ಕೊಂಡನು. ಸುತ್ತಾಟದ ಖರ್ಚನ್ನೂ ಕೈಗೂಡದ ಖರೀದಿಗೆ ವಕೀಲರಿಗೆ ಕೊಟ್ಟ ಶುಲ್ಕವನ್ನೂ ತೆರಿಗೆ ನ್ಯಾಯಾಲಯ ವಜಾ ಮಾಡಗೊಡಲಿಲ್ಲ. ಹುಡುಕುವ ಕಾಲದಲ್ಲಿ ಅವನು ಪತ್ರಿಕೆಯ ವ್ಯಾಪಾರದಲ್ಲಿರಲಿಲ್ಲ, ಆದುದರಿಂದ ವ್ಯಾಪಾರದ ವೆಚ್ಚವಲ್ಲ. ವರಮಾನ ತರುವ ಸ್ವತ್ತು ಅವನ ಕೈಯಲ್ಲಿರಲಿಲ್ಲ, ಆದುದರಿಂದ 1942ರ ಉಪಕಾರವೂ ಇಲ್ಲ. ಇದೇ ನಾವು ಮೇಲೆ ಹೇಳಿದ ಮೂರನೆಯ ಗತಿ.

1965ರ ರಿಚ್ಮಂಡ್ ಟೆಲಿವಿಷನ್ ಮೊಕದ್ದಮೆಯ ಕಂಪೆನಿಯು 1952ರಲ್ಲಿ ಸ್ಥಾಪಿತವಾದುದು. ಪ್ರಸಾರದ ಪರವಾನಗಿ ಅದಕ್ಕೆ ದೊರೆತುದು 1956ರಲ್ಲಿ. ನಡುವಣ ಕಾಲದಲ್ಲಿ ನೌಕರರಿಗೆ ತರಬೇತು ಕೊಡಲು ಅದು ಹಣ ವೆಚ್ಚ ಮಾಡಿತ್ತು. ವ್ಯಾಪಾರಕ್ಕೆ ಇಳಿಯುವ ನಿಶ್ಚಯವಿದ್ದರೆ ಸಾಲದು, ಹಣ ಹೂಡಿದ್ದರೂ ಸಾಲದು. ಸಂಸ್ಥೆಯು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವನ್ನು ನಡೆಯುವ ಸಂಸ್ಥೆಯಾಗಿ ಮಾಡತೊಡಗಿದ ಮೇಲೆಯೇ ವ್ಯಾಪಾರ ಆರಂಭವಾಯಿತೆಂದು ನಾಲ್ಕನೆಯ ವಲಯದ ನ್ಯಾಯಾಲಯ ಹೇಳಿತು. ಬಾಗಿಲು ತೆರೆಯುವ ಮುಂಚಿನ ವೆಚ್ಚವು ಚಾಲ್ತಿ ವೆಚ್ಚವಲ್ಲವೆಂಬ ಸೂತ್ರವು ಈ ತೀರ್ಪಿನಿಂದ ಬೇರೂರಿತು. ಇದಕ್ಕೆ ಎದುರಾಗಿ 1974ರ ಕೊಲರಾಡೋ ಸ್ಪ್ರಿಂಗ್ಸ್ ನ್ಯಾಷನಲ್ ಬ್ಯಾಂಕಿನ ಮೊಕದ್ದಮೆಯನ್ನು ಇಟ್ಟು ನೋಡಬೇಕು. ಆ ಬ್ಯಾಂಕು ಹೊಸದಾಗಿ ಕ್ರೆಡಿಟ್ ಕಾರ್ಡಿನ ವ್ಯವಹಾರಕ್ಕೆ ಕೈಹಾಕಿ, ಆರಂಭದ ಖರ್ಚುಗಳನ್ನೆಲ್ಲ ಕೂಡಲೆ ವಜಾ ಮಾಡಿತು; ಹತ್ತನೆಯ ವಲಯದ ನ್ಯಾಯಾಲಯ ಅದನ್ನು ಒಪ್ಪಿತು. ಸಾಲ ಕೊಡುವುದು ಬ್ಯಾಂಕಿನ ಹಳೆಯ ವ್ಯಾಪಾರ, ಕಾರ್ಡೆಂಬುದು ಅದರ ಹೊಸ ರೀತಿಯಷ್ಟೇ ಎಂಬುದು ವಾದ. ತರ್ಕ ಸರಿಯೇ ಇರಬಹುದು. ಆದರೆ ಫಲವೇನಾಯಿತು? ಹತ್ತು ಮನೆಗಳಿರುವವನು ಹನ್ನೊಂದನೆಯದನ್ನು ಹುಡುಕುತ್ತ ಬೀದಿ ಸುತ್ತಿದರೆ ಅದು ವ್ಯಾಪಾರದ ವಿಸ್ತರಣೆ. ಒಂದೂ ಇಲ್ಲದವನು ಮೊದಲನೆಯದನ್ನು ಹುಡುಕುತ್ತ ಅದೇ ಬೀದಿಯನ್ನು ಸುತ್ತಿದರೆ ಅದು ಅವನ ಸ್ವಂತ ತಿರುಗಾಟ. ಹೊಸಬನಿಗೆ ತೆರಿಗೆ ಇಲಾಖೆಯು ತೋರಿಸಿದ ದಾಕ್ಷಿಣ್ಯವೆಂದರೆ 1977ರ ಒಂದು ನಿರ್ಣಯ. ಸುಮ್ಮನೆ ಹುಡುಕುವ ಹಂತ ಕಳೆದು, ಇಂಥದೇ ವ್ಯಾಪಾರವನ್ನು ಕೊಳ್ಳಬೇಕೆಂದು ಗುರಿಯಿಟ್ಟ ಮೇಲೆ ಆದ ವೆಚ್ಚವು ಬಂಡವಾಳ ವೆಚ್ಚವೆಂದೂ, ಆ ಖರೀದಿ ಮುರಿದುಬಿದ್ದರೆ ಅದನ್ನು ನಷ್ಟವಾಗಿ ತೋರಿಸಬಹುದೆಂದೂ ಅದು ಹೇಳಿತು. ಸಾಮಾನ್ಯ ಹುಡುಕಾಟದ ಖರ್ಚಿಗೆ ಆಗಲೂ ಗತಿಯಿಲ್ಲ.

ಇದೇ ಕಾಲದಲ್ಲಿ ಕಟ್ಟಡಗಳ ಲೋಕದಲ್ಲಿ ಇನ್ನೊಂದು ವ್ಯವಹಾರ ನಡೆಯುತ್ತಿತ್ತು. ಸಾಲದ ಬಡ್ಡಿಗೂ ಆಸ್ತಿ ತೆರಿಗೆಗೂ ಸಂಹಿತೆಯಲ್ಲಿ ಪ್ರತ್ಯೇಕವಾದ ಕಲಮುಗಳಿದ್ದುವು. ಅವುಗಳಲ್ಲಿ ವ್ಯಾಪಾರವನ್ನು 'ನಡೆಸುವ' ಷರತ್ತು ಇರಲಿಲ್ಲ. ಆದುದರಿಂದ ದೊಡ್ಡ ವಸತಿ ಸಮುಚ್ಚಯವನ್ನು ಕಟ್ಟಿಸುವವರು ಇನ್ನೂ ಗೋಡೆ ಏಳುತ್ತಿರುವಾಗಲೇ ಬಡ್ಡಿಯನ್ನೂ ತೆರಿಗೆಯನ್ನೂ ವರ್ಷವರ್ಷ ವಜಾ ಮಾಡಿಕೊಳ್ಳುತ್ತಿದ್ದರು. ಸೀಮಿತ ಪಾಲುದಾರಿಕೆಗಳಲ್ಲಿ ಹಣ ತೊಡಗಿಸಿದ ಐಶ್ವರ್ಯವಂತರು ಈ ನಷ್ಟದ ಪಾಲನ್ನು ತಮ್ಮ ಸಂಬಳ, ಸಂಪಾದನೆಗಳ ಎದುರು ಹಾಕಿ ತೆರಿಗೆಯನ್ನು ಇಳಿಸಿಕೊಂಡರು. 'ಮನೆ ಬಾಡಿಗೆಗಿದೆ' ಎಂಬ ಜಾಹೀರಾತಿಗೆ ಕೊಟ್ಟ ಹತ್ತು ಡಾಲರು ಬಾಗಿಲು ತೆರೆಯುವ ಮುಂಚಿನ ವೆಚ್ಚವೆಂದು ತಡೆಹಿಡಿಯಲ್ಪಡುತ್ತಿದ್ದ ವ್ಯವಸ್ಥೆಯಲ್ಲಿ, ಅದೇ ಮನೆಯ ಸಾಲದ ಮೇಲಣ ಸಾವಿರಾರು ಡಾಲರು ಬಡ್ಡಿ ತಡೆಯಿಲ್ಲದೆ ಸಾಗಿಹೋಗುತ್ತಿತ್ತು! 1976ರ ತೆರಿಗೆ ಸುಧಾರಣಾ ಶಾಸನವು ಕಟ್ಟಡದ ಕಾಲದ ಬಡ್ಡಿ, ತೆರಿಗೆಗಳನ್ನು ಹತ್ತು ವರ್ಷಗಳಿಗೆ ಹಂಚಬೇಕೆಂದು ವಿಧಿಸಿ ಈ ದಾರಿಯನ್ನು ಕಿರಿದುಗೊಳಿಸಿತು. ಪೂರ್ವಸಿದ್ಧತೆಯ ವೆಚ್ಚವನ್ನು ವರ್ಷಗಳಿಗೆ ಹಂಚುವ ಆಲೋಚನೆ ಬಾಡಿಗೆಯ ಕಟ್ಟಡಗಳ ಮಟ್ಟಿಗೆ ಶಾಸನದಲ್ಲಿ ಕಾಣಿಸಿಕೊಂಡುದು ಹೀಗೆ, ಸಹಾಯವಾಗಿ ಅಲ್ಲ, ಕಡಿವಾಣವಾಗಿ.

ಸಹಾಯದ ರೂಪದಲ್ಲಿ ಅದು ಬಂದುದು 1980ರ ಡಿಸೆಂಬರಿನಲ್ಲಿ ಅಂಗೀಕೃತವಾದ ಸಂಕೀರ್ಣ ರಾಜಸ್ವ ಶಾಸನದಿಂದ. ಅದು ಸಂಹಿತೆಗೆ 195ನೆಯ ಕಲಮನ್ನು ಸೇರಿಸಿತು. ಹೊಸ ವ್ಯಾಪಾರವನ್ನು ಪರಿಶೀಲಿಸುವುದರಲ್ಲಿ ಅಥವಾ ಸ್ಥಾಪಿಸುವುದರಲ್ಲಿ ಆದ ವೆಚ್ಚವನ್ನು, ವ್ಯಾಪಾರ ಆರಂಭವಾದ ತಿಂಗಳಿನಿಂದ ಮೊದಲ್ಗೊಂಡು 60 ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಸಮಭಾಗಗಳಾಗಿ ವಜಾ ಮಾಡಬಹುದು. ಅದೇ ಕ್ಷೇತ್ರದ ಹಳೆಯ ವ್ಯಾಪಾರವೊಂದು ವಿಸ್ತರಣೆಗಾಗಿ ಮಾಡಿದ್ದರೆ ಚಾಲ್ತಿ ವೆಚ್ಚವಾಗುತ್ತಿದ್ದಂಥ ಖರ್ಚಾಗಿರಬೇಕು ಎಂಬುದು ಷರತ್ತು. ಈ ಷರತ್ತಿನ ಮಾತಿನಲ್ಲೇ ಕಾಂಗ್ರೆಸ್ಸು ಹಳಬ-ಹೊಸಬರ ತಾರತಮ್ಯವನ್ನು ಗುರುತಿಸಿದೆ. ಹೊಸ ವ್ಯಾಪಾರಗಳಿಗೆ ಉತ್ತೇಜನ ಕೊಡುವುದು, ವ್ಯಾಜ್ಯಗಳನ್ನು ತಗ್ಗಿಸುವುದು ಇವೆರಡೂ ಅದರ ಉದ್ದೇಶಗಳಾಗಿದ್ದುವು. ಕಾಕತಾಳೀಯವೆಂಬಂತೆ ಬ್ರಿಟನ್ನೂ ಅದೇ 1980ರಲ್ಲಿ ವ್ಯಾಪಾರಪೂರ್ವದ ವೆಚ್ಚಕ್ಕೆ ಶಾಸನದಲ್ಲಿ ಎಡೆ ಮಾಡಿಕೊಟ್ಟಿತು. ಅಲ್ಲಿಯ ದಾರಿ ಬೇರೆ. ಆ ವೆಚ್ಚ ವ್ಯಾಪಾರದ ಮೊದಲ ದಿನವೇ ಆಯಿತೆಂದು ಭಾವಿಸಿ ಪೂರ್ಣವಾಗಿ ವಜಾ ಮಾಡುವರು. ಮೊದಲು ಒಂದು ವರ್ಷ ಹಿಂದಿನವರೆಗೆ ಇದ್ದ ಈ ಸೌಲಭ್ಯ ಈಗ ಏಳು ವರ್ಷ ಹಿಂದಿನವರೆಗೆ ಸಲ್ಲುತ್ತದೆ. ಬಾಡಿಗೆಯ ವ್ಯವಹಾರಕ್ಕೂ ಅನ್ವಯಿಸುತ್ತದೆ. ಇವೆರಡರಲ್ಲಿ ಬ್ರಿಟನ್ನಿನ ಕ್ರಮ ಹೆಚ್ಚು ಸರಳವೆಂದು ನಮಗೆ ತೋರುತ್ತದೆ.

ಆದರೆ 195ನೆಯ ಕಲಮಿಗೆ ಒಂದು ವಿಶೇಷಣವಿತ್ತು. ವ್ಯಾಪಾರವು 'ಸಕ್ರಿಯ'ವಾಗಿರಬೇಕು, ಬರಿಯ ಹೂಡಿಕೆಗೆ ಈ ಸೌಲಭ್ಯವಿಲ್ಲ. ಬಾಡಿಗೆಯ ವಿಷಯದಲ್ಲಿ ಇದರ ಅರ್ಥವೇನೆಂಬುದನ್ನು ಮಸೂದೆಯ ಮೇಲಣ ಸಮಿತಿಯ ವರದಿಯೇ ವಿವರಿಸಿತು. ಬಾಡಿಗೆಗೆ ಕೊಡುವುದರ ಜೊತೆಗೆ ಮಾಲೀಕನು ಗಣನೀಯವಾದ ಸೇವೆಗಳನ್ನೂ ಒದಗಿಸುತ್ತಿರಬೇಕು. ವಸತಿ ಸಮುಚ್ಚಯ, ಕಚೇರಿ ಕಟ್ಟಡ, ಅಂಗಡಿ ಸಂಕೀರ್ಣ ಇವುಗಳನ್ನು ನಡೆಸುವುದು ಸಾಮಾನ್ಯವಾಗಿ ಸಕ್ರಿಯ ವ್ಯಾಪಾರವೆನಿಸುತ್ತದೆ. ಹೆಸರಿಸಿದುವೆಲ್ಲ ದೊಡ್ಡ ಕಟ್ಟಡಗಳೇ ಎಂಬುದನ್ನು ಗಮನಿಸಬೇಕು. ಕೂಡಿಟ್ಟ ಹಣದಿಂದ ಒಂದು ಮನೆಯನ್ನು ಕೊಂಡು, ವಿಮೆ, ತೆರಿಗೆ, ರಿಪೇರಿಗಳನ್ನೆಲ್ಲ ಬಾಡಿಗೆದಾರನ ಮೇಲೆಯೇ ಹೊರಿಸಿ, ತಿಂಗಳ ಬಾಡಿಗೆಯನ್ನು ಮಾತ್ರ ಕಾಯುವವನು ಈ ಪಂಕ್ತಿಗೆ ಸೇರುವುದಿಲ್ಲ. ತಾನೇ ಬಾಡಿಗೆದಾರರನ್ನು ಹುಡುಕಿ, ನಲ್ಲಿ ಸೋರಿದರೆ ತಾನೇ ಓಡಿಹೋಗುವ ಚಿಕ್ಕ ಮಾಲೀಕನಾದರೆ? ಅವನಿಗೆ ಹಜಾರ್ಡ್ ಮೊಕದ್ದಮೆಯೇ ಆಸರೆ. ಗ್ರೀರ್ ಮೊಕದ್ದಮೆಯೇ ಭಯ.

ಸಕ್ರಿಯನಲ್ಲದವನಿಗೆ 212ನೆಯ ಕಲಮಾದರೂ ಉಂಟಲ್ಲವೆ ಎಂದು ಕೇಳಬಹುದು. ಅಲ್ಪಕಾಲ ಹಾಗೆ ತೋರಿದುದೂ ಉಂಟು. 1983ರ ಹೂಪನ್‌ಗಾರ್ನರ್ ಮೊಕದ್ದಮೆಯಲ್ಲಿ, ಗುತ್ತಿಗೆಗೆ ಪಡೆದ ನೆಲದ ಮೇಲೆ ಕಚೇರಿ ಕಟ್ಟಡ ಏಳುತ್ತಿದ್ದ ಕಾಲದಲ್ಲಿ ಕೊಟ್ಟ ನೆಲಬಾಡಿಗೆಯನ್ನು ತೆರಿಗೆ ನ್ಯಾಯಾಲಯವು 212ನೆಯ ಕಲಮಿನಡಿ ವಜಾ ಮಾಡಗೊಟ್ಟಿತು. ವ್ಯಾಪಾರ ಇನ್ನೂ ಆರಂಭವಾಗದಿದ್ದರೇನು, ವರಮಾನಕ್ಕಾಗಿ ಇಟ್ಟುಕೊಂಡ ಗುತ್ತಿಗೆಯ ಹಕ್ಕಂತೂ ಅವನ ಕೈಯಲ್ಲಿದೆ. ನೆಲಬಾಡಿಗೆ ಅದರ ರಕ್ಷಣೆಯ ವೆಚ್ಚ ಎಂಬುದು ತರ್ಕ. ಪೀಠದಲ್ಲಿಯೇ ಭಿನ್ನಾಭಿಪ್ರಾಯವಿದ್ದ ಈ ತೀರ್ಪು ನಿಂತಿದ್ದರೆ 195ನೆಯ ಕಲಮಿನ ಐದು ವರ್ಷಗಳ ಕಂತು ಯಾರಿಗೆ ಬೇಕಾಗುತ್ತಿತ್ತು? ಕಾಂಗ್ರೆಸ್ಸು 1984ರಲ್ಲಿಯೇ ಕಲಮನ್ನು ತಿದ್ದಿತು. ಪೂರ್ವಸಿದ್ಧತೆಯ ವೆಚ್ಚವನ್ನು ಈ ಕಲಮು ಹೇಳಿದ ರೀತಿಯಲ್ಲಿ ಹೊರತು ಬೇರೆ ಯಾವ ರೀತಿಯಲ್ಲಿಯೂ ವಜಾ ಮಾಡಕೂಡದು; ಮುಂದೆ ಸಕ್ರಿಯ ವ್ಯಾಪಾರವಾಗಲಿದೆಯೆಂಬ ನಿರೀಕ್ಷೆಯಿಂದ ವರಮಾನಕ್ಕಾಗಿ ನಡೆಸಿದ ಚಟುವಟಿಕೆಯ ವೆಚ್ಚವೂ ಇದರಲ್ಲಿ ಸೇರುತ್ತದೆ. ಹಳೆಯ ವರ್ಷಗಳಿಗೆ ಸಂಬಂಧಿಸಿದ ವ್ಯಾಜ್ಯಗಳು ಮಾತ್ರ ಮುಂದುವರಿದುವು. 1988ರ ಫಿಷ್‌ಮನ್ ಮೊಕದ್ದಮೆಯಲ್ಲಿ ಏಳನೆಯ ವಲಯದ ನ್ಯಾಯಾಲಯವು, ವ್ಯಾಪಾರಿಗೆ 162ನೆಯ ಕಲಮಿನಲ್ಲಿ ಸಿಗದ ಪೂರ್ವವೆಚ್ಚವು ಹೂಡಿಕೆದಾರನಿಗೆ 212ನೆಯ ಕಲಮಿನಲ್ಲಿಯೂ ಸಿಗಬಾರದೆಂದು ಸಾರಿತು. ಹೀಗೆ ಚಿಕ್ಕ ಹೂಡಿಕೆದಾರನ ಎರಡೂ ಬಾಗಿಲುಗಳು ಮುಚ್ಚಿದುವು.

ಇಂದಿನ ಕ್ರಮ 2004ರ ಅಕ್ಟೋಬರಿನ ಶಾಸನದ್ದು. ಪೂರ್ವಸಿದ್ಧತೆಯ ವೆಚ್ಚದಲ್ಲಿ 5,000 ಡಾಲರುಗಳವರೆಗೆ ವ್ಯಾಪಾರ ಆರಂಭವಾದ ವರ್ಷವೇ ವಜಾ. ಮಿಕ್ಕುದು 180 ತಿಂಗಳುಗಳಲ್ಲಿ. ಒಟ್ಟು ವೆಚ್ಚ 50,000 ಡಾಲರನ್ನು ಮೀರಿದರೆ, ಮೀರಿದಷ್ಟೂ ಆ 5,000ದಿಂದ ಇಳಿಯುತ್ತದೆ. 8,000 ಡಾಲರು ಖರ್ಚು ಮಾಡಿದವನಿಗೆ ಮೊದಲ ವರ್ಷ 5,000. ಉಳಿದ 3,000ಕ್ಕೆ ತಿಂಗಳಿಗೆ 16 ಡಾಲರು 67 ಸೆಂಟು. 53,000 ಖರ್ಚು ಮಾಡಿದವನಿಗೆ ಕೂಡಲೆ ಸಿಗುವುದು 2,000. 55,000ವನ್ನು ಮುಟ್ಟಿದವನಿಗೆ ಏನೂ ಇಲ್ಲ, ಎಲ್ಲವೂ ಕಂತಿನಲ್ಲೇ. ಅಲ್ಪ ವೆಚ್ಚದವನಿಗೆ ಇದು ನಿಜವಾದ ಉಪಕಾರ. ಆದರೆ ಐದು ವರ್ಷವಿದ್ದ ಕಂತು ಹದಿನೈದು ವರ್ಷಕ್ಕೆ ಹಿಗ್ಗಿದುದೂ ಇದೇ ಶಾಸನದಿಂದ ಎಂಬುದನ್ನು ಮರೆಯಬಾರದು. 2010ರಲ್ಲಿ, ಆರ್ಥಿಕ ಕುಸಿತದ ಬೆನ್ನಿಗೆ, ಈ ಮೊತ್ತಗಳನ್ನು 10,000 ಮತ್ತು 60,000 ಡಾಲರುಗಳಿಗೆ ಏರಿಸಲಾಯಿತು. ಅದು ಆ ಒಂದು ವರ್ಷದ ಮಟ್ಟಿಗೆ ಮಾತ್ರ. ಬೆಲೆಗಳ ಏರಿಕೆಯೊಡನೆ ಏರುವ ಏರ್ಪಾಡು ಇಲ್ಲದುದರಿಂದ, 5,000 ಡಾಲರೆಂಬ ಅಂಕಿ 2004ರಲ್ಲಿ ಇದ್ದಲ್ಲಿಯೇ ನಿಂತಿದೆ.

ಮನೆಯ ಮಟ್ಟಿಗೆ 'ಬಾಗಿಲು ತೆರೆಯುವ ದಿನ' ಯಾವುದೆಂಬುದರಲ್ಲಿ ತೆರಿಗೆ ಇಲಾಖೆಯು ತೋರಿರುವ ಔದಾರ್ಯವನ್ನೂ ಹೇಳಬೇಕು. ಮೊದಲ ಬಾಡಿಗೆ ಕೈಗೆ ಬರುವವರೆಗೆ ಕಾಯಬೇಕಾಗಿಲ್ಲ. ಮನೆಯು ವಾಸಕ್ಕೆ ಸಿದ್ಧವಾಗಿ, ಬಾಡಿಗೆಗೆ ದೊರೆಯುವಂತಾದರೆ ಸಾಕು. ಜುಲೈನಲ್ಲಿ ಸಿದ್ಧವಾದ ಮನೆಗೆ ಸೆಪ್ಟೆಂಬರಿನಲ್ಲಿ ಬಾಡಿಗೆದಾರ ಬಂದರೂ, ನಡುವಣ ತಿಂಗಳುಗಳ ವಿಮೆ, ಜಾಹೀರಾತುಗಳು ಚಾಲ್ತಿ ವೆಚ್ಚಗಳೇ, ಸವಕಳಿಯೂ ಜುಲೈನಿಂದಲೇ. ಆದರೆ ಸಿದ್ಧವಾಗುವುದಕ್ಕೆ ಮುಂಚೆ ಮಾಡಿಸಿದ ಜೀರ್ಣೋದ್ಧಾರ ಮನೆಯ ಅಸಲಿಗೆ ಸೇರಿ, 1986ರ ಶಾಸನದಂತೆ 27½ ವರ್ಷಗಳಲ್ಲಿ ಸವಕಳಿಯಾಗಿ ಮರಳುತ್ತದೆ. ಇದರಿಂದಾಗಿ ಸುಣ್ಣಬಣ್ಣವನ್ನು ಬಾಡಿಗೆಯ ಹಲಗೆ ಹಾಕುವುದಕ್ಕೆ ಹಿಂದಿನ ವಾರ ಬಳಿಸುವುದಕ್ಕೂ ಮುಂದಿನ ವಾರ ಬಳಿಸುವುದಕ್ಕೂ ಲೆಕ್ಕದಲ್ಲಿ ಬಹಳ ಅಂತರವುಂಟು. ಅಲ್ಲಿಯ ಲೆಕ್ಕಿಗರು ತಮ್ಮ ಕಕ್ಷಿಗಾರರಿಗೆ ಮೊದಲು ತಿಳಿಸುವ ವಿಷಯಗಳಲ್ಲಿ ಇದೂ ಒಂದೆಂದರೆ ಆಶ್ಚರ್ಯವಿಲ್ಲ. ಹೀಗೆಲ್ಲ ಸಂಪಾದಿಸಿದ ವಜಾ ಕೂಡ 1986ರಲ್ಲಿಯೇ ಬಂದ ಇನ್ನೊಂದು ನಿರ್ಬಂಧವನ್ನು ದಾಟಬೇಕು. ಬಾಡಿಗೆಯ ನಷ್ಟವನ್ನು ಸಾಮಾನ್ಯವಾಗಿ ಸಂಬಳದ ಎದುರು ಹಾಕುವಂತಿಲ್ಲ. ನಿರ್ವಹಣೆಯಲ್ಲಿ ತಾನೇ ಪಾಲುಗೊಳ್ಳುವ ಮಾಲೀಕನಿಗೆ 25,000 ಡಾಲರುಗಳವರೆಗೆ ಸಡಿಲಿಕೆಯುಂಟು, ಅದೂ ವರಮಾನವು 1,00,000 ಡಾಲರನ್ನು ದಾಟಿದಂತೆ ಕುಗ್ಗುತ್ತ ಹೋಗುತ್ತದೆ.

ನಮ್ಮ ದೇಶದ ಕಾನೂನನ್ನು ಬಲ್ಲ ಓದುಗರಿಗೆ ಈ ಸೂಕ್ಷ್ಮಗಳು ವಿಚಿತ್ರವೆನಿಸಬಹುದು. ಭಾರತದಲ್ಲಿ ಗೃಹಸ್ವತ್ತಿನ ವರಮಾನವು ವ್ಯಾಪಾರದಿಂದ ಬೇರೆಯಾದ ಶೀರ್ಷಿಕೆ. ಭೂಸ್ವತ್ತನ್ನು ಕೊಂಡು ಅಭಿವೃದ್ಧಿಪಡಿಸುವ ಉದ್ದೇಶದಿಂದ ಸ್ಥಾಪಿತವಾದ ಕಂಪೆನಿಯ ಬಾಡಿಗೆಯೂ ಗೃಹಸ್ವತ್ತಿನ ವರಮಾನವೇ ಎಂದು ನಮ್ಮ ಸುಪ್ರೀಂ ಕೋರ್ಟು 1961ರ ಈಸ್ಟ್ ಇಂಡಿಯಾ ಹೌಸಿಂಗ್ ಮೊಕದ್ದಮೆಯಲ್ಲಿ ಹೇಳಿತು. 2015ರ ಚೆನ್ನೈ ಪ್ರಾಪರ್ಟೀಸ್ ಮೊಕದ್ದಮೆಯಲ್ಲಿ, ಬಾಡಿಗೆಯೇ ಮುಖ್ಯ ಉದ್ದೇಶವಾಗಿದ್ದ ಕಂಪೆನಿಯ ವಿಷಯದಲ್ಲಿ ವ್ಯಾಪಾರವೆಂದಿತು. ಗೃಹಸ್ವತ್ತಿನ ಶೀರ್ಷಿಕೆಯಲ್ಲಿ ವಾಸ್ತವ ಖರ್ಚನ್ನು ಕೇಳುವುದೇ ಇಲ್ಲ; 2001ರ ಹಣಕಾಸು ಶಾಸನದಿಂದೀಚೆಗೆ ನೂರಕ್ಕೆ 30ರಷ್ಟನ್ನು ಒಟ್ಟಾಗಿ ಬಿಟ್ಟುಕೊಡಲಾಗುತ್ತದೆ. ದಲ್ಲಾಳಿಗೆ ಕೊಟ್ಟದ್ದು ಮೊದಲೋ ಆಮೇಲೋ ಎಂಬ ಜಗಳಕ್ಕೆ ಅಲ್ಲಿ ಎಡೆಯಿಲ್ಲ. ಪೂರ್ವಕಾಲದ ವೆಚ್ಚಗಳಲ್ಲಿ ಪ್ರತ್ಯೇಕ ಮನ್ನಣೆ ಪಡೆದುದು ಸಾಲದ ಬಡ್ಡಿಯೊಂದೇ. ಮನೆ ಪೂರ್ಣವಾಗುವುದಕ್ಕೆ ಹಿಂದಿನ ವರ್ಷಗಳ ಬಡ್ಡಿಯನ್ನು ಪೂರ್ಣವಾದ ವರ್ಷದಿಂದ ಐದು ಸಮ ಕಂತುಗಳಲ್ಲಿ ವಜಾ ಮಾಡಬಹುದು. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕವನ್ನುಳ್ಳ 2025ರ ಹೊಸ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಪ್ರಾರಂಭಿಕ ವೆಚ್ಚಗಳಿಗಾಗಿ 1970ರಲ್ಲಿ ಸೇರಿಸಿದ 35ಡಿ ಕಲಮು ವ್ಯಾಪಾರಕ್ಕೆ ಮೀಸಲು. ಮನೆಯ ಮಾಲೀಕನಿಗೆ ಅದರಿಂದ ಪ್ರಯೋಜನವಿಲ್ಲ. ಸರಾಸರಿಯ ನ್ಯಾಯವಾದುದರಿಂದ ಖರ್ಚು ಕಡಿಮೆಯಿರುವವನು ಇದರಲ್ಲಿ ಗೆಲ್ಲುತ್ತಾನೆ, ಹೆಚ್ಚಿರುವವನು ಸೋಲುತ್ತಾನೆ. ಆದರೆ ಹಳಬ-ಹೊಸಬ ಎಂಬ ಭೇದವು ಅಮೆರಿಕದಷ್ಟು ತೀವ್ರವಾಗಿ ಕಾಣುವುದಿಲ್ಲ.

ಅಮೆರಿಕದಲ್ಲಿ ಹಿಗಿನ್ಸನ ಕಾಲದ ಪ್ರಶ್ನೆ ಇನ್ನೂ ತೀರಿಲ್ಲ. 2017ರ ಶಾಸನವು ವ್ಯಾಪಾರದ ವರಮಾನದಲ್ಲಿ ನೂರಕ್ಕೆ 20ರಷ್ಟು ಹೊಸದೊಂದು ವಜಾ ಕೊಟ್ಟಾಗ, ಬಾಡಿಗೆಯು ವ್ಯಾಪಾರವೇ ಎಂದು ಲಕ್ಷಾಂತರ ಮಾಲೀಕರು ಕೇಳುವಂತಾಯಿತು. ತೆರಿಗೆ ಇಲಾಖೆಯು 2019ರಲ್ಲಿ ಮೊದಲ ಬಾರಿಗೆ ಒಂದು ಅಂಕಿಯನ್ನು ಮುಂದಿಟ್ಟಿತು. ವರ್ಷಕ್ಕೆ 250 ಗಂಟೆಗಳ ಬಾಡಿಗೆಯ ಸೇವೆ ನಡೆದು, ಅದಕ್ಕೆ ದಾಖಲೆಯಿದ್ದು, ಲೆಕ್ಕಪುಸ್ತಕಗಳು ಪ್ರತ್ಯೇಕವಾಗಿದ್ದರೆ ಅದನ್ನು ವ್ಯಾಪಾರವೆಂದು ಎಣಿಸಲಾಗುವುದು. ಎಲ್ಲ ಹೊಣೆಯನ್ನೂ ಬಾಡಿಗೆದಾರನ ಮೇಲೆ ಹೊರಿಸಿದ ಕರಾರುಗಳಿಗೆ ಇದು ಸಲ್ಲದು. ಆದರೆ ಈ ಅಳತೆಗೋಲು ಆ ಒಂದು ವಜಾದ ಮಟ್ಟಿಗೆ ಮಾತ್ರವೆಂದು ಅದೇ ಆಜ್ಞೆಯಲ್ಲಿ ಸ್ಪಷ್ಟಪಡಿಸಲಾಗಿದೆ. 195ನೆಯ ಕಲಮಿನಲ್ಲಿ 'ಸಕ್ರಿಯ' ಎಂಬ ಪದಕ್ಕೆ ಗಂಟೆಗಳ ಲೆಕ್ಕವಿಲ್ಲ. ಮೊದಲ ಮನೆಯನ್ನು ಕೊಳ್ಳುವವನು ತನ್ನ ಪ್ರಯಾಣದ, ಪರೀಕ್ಷೆಯ, ವಿಚಾರಣೆಯ ಚೀಟಿಗಳನ್ನು ಹಿಡಿದು ಲೆಕ್ಕಿಗನ ಬಳಿಗೆ ಹೋದರೆ, ಲೆಕ್ಕಿಗನು ಇಂದಿಗೂ ಮೊದಲು ನೋಡಬೇಕಾದುದು ಆ ಚೀಟಿಗಳನ್ನಲ್ಲ, ಅವನ ಮನೆಯನ್ನು; ಅಲ್ಲಿ ದುಡಿಯುವವರು ಯಾರೆಂಬುದನ್ನು.